ಗಂಜ್‌ನ ಅಂಗಡಿಯಲ್ಲಿ ರಿಸ್ಟೋರ್: ಟೇಬಲ್ ಬಂದವು, ಈವೆಂಟ್ ಬರಲಿಲ್ಲ

ಕಲಬುರಗಿಯ ನೆಹರೂ ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ತೊಗರಿ ಆವಕ ಜಾಸ್ತಿಯಾಗುವ ಮುಂಚೆ ಅಲ್ಲಿನ ಸರ್ವರ್ ಬದಲಾಯಿಸಿದೆವು. ಡೇಟಾಬೇಸ್ ಮೈಎಸ್‌ಕ್ಯುಎಲ್. ಬಿಲ್ಲಿಂಗ್ ಸಾಫ್ಟ್‌ವೇರ್ ಜೊತೆಗೇ ಬಂದಿದ್ದ ಸ್ಕ್ರಿಪ್ಟ್ ತೆಗೆದ ಬ್ಯಾಕಪ್ಪನ್ನು ರಿಸ್ಟೋರ್ ಮಾಡಿದಾಗ ಒಂದೂ ಎರರ್ ಬರಲಿಲ್ಲ. ರೈತರ ಖಾತೆ, ಹಳೆ ಬಿಲ್ಲು ಎಲ್ಲ ಕಂಡವು. ಸ್ವಲ್ಪ ಹೊತ್ತಿಗೆ ಮುನೀಮರು ಫೋನ್ ಮಾಡಿದರು: “ಸರ್, ಎಲ್ಲಾ ಅದಾವ್ರಿ, ಆದ್ರ ಬಿಲ್ಲೇ ಆಗವಲ್ದ್ರಿ.”

ಲಾಗ್‌ನಲ್ಲಿ 1305 ಎರರ್ ಇತ್ತು. ಅಂದರೆ ಬಿಲ್ ಮಾಡುವ ಪ್ರೊಸೀಜರೇ (ಡೇಟಾಬೇಸ್ ಒಳಗೇ ಇಟ್ಟಿರುವ ಕೋಡ್) ಇಲ್ಲ. ಡಂಪ್ ಫೈಲ್, ಅಂದರೆ ಆ ಬ್ಯಾಕಪ್ ಫೈಲ್ ತೆರೆದು ‘ಕ್ರಿಯೇಟ್ ಪ್ರೊಸೀಜರ್’ ಅಂತ ಹುಡುಕಿದೆ, ಒಂದೂ ಸಿಗಲಿಲ್ಲ. ಮೈಎಸ್‌ಕ್ಯುಎಲ್‌ಡಂಪ್ ಅನ್ನುವ ಬ್ಯಾಕಪ್ ಟೂಲ್ ತಾನಾಗಿ ಟೇಬಲ್, ವ್ಯೂ (ಟೇಬಲ್ ತರಹ ಕಾಣುವ, ಉಳಿಸಿಟ್ಟ ಕ್ವೆರಿ), ಟ್ರಿಗರ್ (ಟೇಬಲ್ ಬದಲಾದಾಗ ತಾನಾಗಿ ಓಡುವ ಕೋಡ್) ತೆಗೆದುಕೊಳ್ಳುತ್ತದೆ. ಪ್ರೊಸೀಜರ್, ಫಂಕ್ಷನ್‌ಗಳಿಗೆ ‘ರುಟೀನ್ಸ್’, ಈವೆಂಟ್‌ಗೆ (ನಿಗದಿತ ಹೊತ್ತಿಗೆ ಡೇಟಾಬೇಸ್ ತಾನಾಗಿ ಓಡಿಸುವ ಕೆಲಸ) ‘ಈವೆಂಟ್ಸ್’ ಅನ್ನುವ ಆಪ್ಷನ್ ನಾವೇ ಕೊಡಬೇಕು. ಆ ಸ್ಕ್ರಿಪ್ಟ್‌ನಲ್ಲಿ ಎರಡೂ ಇರಲಿಲ್ಲ.

ಪ್ರೊಸೀಜರ್ ಇಲ್ಲದಿದ್ದರೆ ಕೂಡಲೇ ಗೊತ್ತಾಗುತ್ತದೆ, ಬಿಲ್ ನಿಲ್ಲುತ್ತದೆ. ನನಗೆ ನಿಜವಾಗಿ ಭಯವಾಗಿದ್ದು ಈವೆಂಟ್ ವಿಷಯಕ್ಕೆ. ಈ ಅಂಗಡಿಯಲ್ಲಿ ದಿನದ ಕೊನೆಯ ದಾಸ್ತಾನನ್ನು ಮರುದಿನದ ಆರಂಭಕ್ಕೆ ಸೇರಿಸುವುದು ರಾತ್ರಿ ಓಡುವ ಒಂದು ಈವೆಂಟ್. ಅದು ಇಲ್ಲ ಅಂತ ಯಾವ ಎರರೂ ಹೇಳುವುದಿಲ್ಲ. ಬೆಳಗ್ಗೆ ಚೀಲಗಳ ಲೆಕ್ಕ ಸುಮ್ನೆ ಸೊನ್ನೆಯಿಂದ ಶುರುವಾಗುತ್ತದೆ, ಅಷ್ಟೇ. ಗೋದಾಮಿನಲ್ಲಿ ಚೀಲ ಅಟ್ಟಿ ಹಾಕಿ ಇಟ್ಟಿರುವಾಗ ಪುಸ್ತಕದಲ್ಲಿ ಸೊನ್ನೆ ಕಂಡರೆ ಮುನೀಮರ ಗತಿ ಏನು, ಹೇಳಿ.

ಹಳೆ ಸರ್ವರ್ ಇನ್ನೂ ಅಳಿಸಿರಲಿಲ್ಲ. ಅದರಿಂದ ಡೇಟಾ ಬಿಟ್ಟು ಪ್ರೊಸೀಜರ್, ಫಂಕ್ಷನ್, ಈವೆಂಟ್‌ಗಳ ಡಂಪ್ ಮಾತ್ರ ತೆಗೆದು ಹೊಸದಕ್ಕೆ ಹಾಕಿದೆ. ಬಿಲ್ ಮಾಡಿ ನೋಡಿದಾಗ 1449 ಎರರ್ ಬಂತು, ಡಿಫೈನರ್ ಯೂಸರ್ (ಪ್ರೊಸೀಜರ್ ಯಾರ ಹೆಸರಿನಲ್ಲಿದೆಯೋ ಅವರು) ಇಲ್ಲ ಅಂತ. ಯೂಸರ್‌ಗಳು ಇರುವುದು ‘ಮೈಎಸ್‌ಕ್ಯುಎಲ್’ ಅನ್ನುವ ಸಿಸ್ಟಮ್ ಡೇಟಾಬೇಸ್‌ನಲ್ಲಿ, ಅಂಗಡಿಯ ಡಂಪ್‌ನಲ್ಲಿ ಅವು ಬರುವುದಿಲ್ಲ ಅಲ್ವಾ. ಹಳೆಯದರಲ್ಲಿ ‘ಶೋ ಗ್ರಾಂಟ್ಸ್’ ನೋಡಿ, ಅದೇ ಯೂಸರನ್ನು ಅದೇ ಹಕ್ಕುಗಳ ಸಮೇತ ಮಾಡಿಕೊಟ್ಟೆ.

ಈವೆಂಟ್‌ಗಳನ್ನು ಓಡಿಸುವ ಈವೆಂಟ್ ಷೆಡ್ಯೂಲರ್ ಆನ್ ಇದೆಯಾ ಅಂತಲೂ ನೋಡಬೇಕು. ಮೈಎಸ್‌ಕ್ಯುಎಲ್ 5.7ರಲ್ಲಿ ಅದು ಮೊದಲಿಗೆ ಆಫ್ ಇರುತ್ತದೆ, 8.0ರಿಂದ ಆನ್.

ಈಗ ರಿಸ್ಟೋರ್ ಆದ ಕೂಡಲೇ ಹಳೆ, ಹೊಸ ಎರಡೂ ಸರ್ವರ್‌ಗಳ ಇನ್ಫರ್ಮೇಷನ್ ಸ್ಕೀಮಾದಲ್ಲಿ (ಡೇಟಾಬೇಸ್‌ನಲ್ಲಿ ಏನೇನಿದೆ ಅನ್ನುವ ಪಟ್ಟಿ) ರುಟೀನ್ಸ್, ಟ್ರಿಗರ್ಸ್, ಈವೆಂಟ್ಸ್, ವ್ಯೂಸ್ ಎಣಿಸಿ ತಾಳೆ ನೋಡುತ್ತೇನೆ. ಆಮೇಲೆ ಒಂದು ಪರೀಕ್ಷಾ ಬಿಲ್ ಮಾಡಿಸಿ, ಮರುದಿನ ಬೆಳಗ್ಗೆ ಆರಂಭದ ದಾಸ್ತಾನು ನೋಡುತ್ತೇನೆ. ಅದು ಸರಿ ಬರುವವರೆಗೆ ಹಳೆ ಸರ್ವರನ್ನು ಫಾರ್ಮ್ಯಾಟ್ ಮಾಡಲು ಯಾರಿಗೂ ಬಿಡುವುದಿಲ್ಲ.