ಮ್ಯಾಚ್ ನಿಲ್ಲಬಾರದು: ಬನಹಟ್ಟಿಯ ಓಣಿಯಲ್ಲಿ ಪರದೆ ಕಟ್ಟಿದ ಅನುಭವ

ಸಿನಿಮಾ ತೋರಿಸುವುದು ಸುಲಭ. ಕರೆಂಟ್ ಹೋದರೆ ಜನ ಚಹಾ ಕುಡಿದು ಬರುತ್ತಾರೆ, ಆಮೇಲೆ ಬಿಟ್ಟಲ್ಲಿಂದ ಶುರು ಮಾಡಬಹುದು. ಲೈವ್ ಮ್ಯಾಚ್ ಹಾಗಲ್ಲ. ಕೊನೆಯ ಓವರ್‌ನಲ್ಲಿ ಎರಡು ನಿಮಿಷ ಚಿತ್ರ ಹೋಯಿತೆಂದರೆ ಆಟವೇ ಮುಗಿದಿರುತ್ತದೆ. ಅದಕ್ಕೇ ಯಾರಾದರೂ ಬಂದು "ಯಾವ ಪ್ರೊಜೆಕ್ಟರ್ ತಗೊಳ್ಳಲಿ ಅಣ್ಣಾ?" ಅಂತ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಕರೆಂಟ್ ಎಲ್ಲಿಂದ ಬರುತ್ತದೆ? ಮ್ಯಾಚ್ ಎಲ್ಲಿಂದ ಬರುತ್ತದೆ? ಈ ಎರಡಕ್ಕೂ ಒಂದೊಂದು ಬದಲಿ ದಾರಿ ಇಲ್ಲದಿದ್ದರೆ ಎಷ್ಟು ದುಬಾರಿ ಪ್ರೊಜೆಕ್ಟರ್ ತಂದರೂ ಸುಮ್ನೆ.

ನನ್ನದು ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ. ಮಗ್ಗದ ಮೋಟರ್, ಬಾವಿಯ ಪಂಪು, ಮಿಕ್ಸರ್ ಎಲ್ಲ ಬರುತ್ತವೆ. ದೊಡ್ಡ ಮ್ಯಾಚ್ ಇದ್ದಾಗ ನಮ್ಮ ನೇಕಾರರ ಓಣಿಯಲ್ಲಿ, ಕೆಲವೊಮ್ಮೆ ಕಬ್ಬಿನ ತೋಟದ ಮನೆಯ ಅಂಗಳದಲ್ಲಿ ಪರದೆ ಕಟ್ಟುತ್ತೇವೆ. ನನ್ನ ಹತ್ತಿರ ಎರಡು ಪ್ರೊಜೆಕ್ಟರ್ ಇವೆ. ಒಂದು ಆಫೀಸಿನಲ್ಲಿ ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಲ್ಯಾಂಪ್ ಪ್ರೊಜೆಕ್ಟರ್, 3000 ಲ್ಯೂಮೆನ್ (ಬೆಳಕಿನ ಅಳತೆ). ಇನ್ನೊಂದು ಕೈಚೀಲದಲ್ಲಿ ಹಿಡಿಯುವ ಎಲ್‌ಇಡಿ ಪ್ರೊಜೆಕ್ಟರ್.

ಮೊದಲು ಕರೆಂಟಿನ ಮಾತು. ಲ್ಯಾಂಪ್ ಪ್ರೊಜೆಕ್ಟರಿಗೆ ಒಂದು ಕೆಟ್ಟ ಚಾಳಿ ಇದೆ. ಕರೆಂಟ್ ಕಣ್ಣು ಮಿಟುಕಿಸಿದರೂ ಸಾಕು, ಲ್ಯಾಂಪ್ ಆರುತ್ತದೆ, ಆರಿದ್ದು ತಕ್ಷಣ ಹೊತ್ತುವುದಿಲ್ಲ. ಒಳಗಿರುವುದು ಪಾದರಸದ ಲ್ಯಾಂಪ್. ಬಿಸಿ ಇರುವಾಗ ಅದರೊಳಗಿನ ಒತ್ತಡ ಜಾಸ್ತಿ. ಸ್ವಲ್ಪ ತಣ್ಣಗಾದ ಮೇಲೇ ಮತ್ತೆ ಕಿಡಿ ಹಿಡಿಯುತ್ತದೆ. ಅಷ್ಟರಲ್ಲಿ ಒಂದು ಓವರ್ ಹೋಗಿರುತ್ತದೆ. ಅದರ ಜೊತೆ ಸೆಟ್ ಟಾಪ್ ಬಾಕ್ಸ್ ಮೊದಲಿಂದ ಚಾಲೂ ಆಗಬೇಕು, ವೈಫೈ ಇದ್ದರೆ ಅದೂ ಎದ್ದು ಬರಬೇಕು. ಹಾಗಾಗಿ ಪ್ರೊಜೆಕ್ಟರ್, ಬಾಕ್ಸ್, ಸ್ಪೀಕರ್, ರೌಟರ್ ಎಲ್ಲವೂ ಇನ್ವರ್ಟರ್ ಮೇಲೇ ಇರಬೇಕು. ಬಹಳಷ್ಟು ಮನೆ ಇನ್ವರ್ಟರ್‌ಗಳ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಯುಪಿಎಸ್ ಮೋಡ್ ಅಂತ. ಫ್ಯಾನ್, ಟ್ಯೂಬ್‌ಲೈಟಿಗೆ ಅದು ಬೇಕಾಗುವುದಿಲ್ಲ, ಅದಕ್ಕೆ ಯಾರೂ ಮುಟ್ಟಿರುವುದಿಲ್ಲ. ಆ ಮೋಡ್‌ಗೆ ಹಾಕಿದರೆ ಕರೆಂಟಿನಿಂದ ಬ್ಯಾಟರಿಗೆ ಹೊರಳುವ ಸಮಯ ಕಡಿಮೆಯಾಗುತ್ತದೆ, ಪ್ರೊಜೆಕ್ಟರಿಗೆ ಗೊತ್ತೇ ಆಗುವುದಿಲ್ಲ.

ಬ್ಯಾಟರಿ ಲೆಕ್ಕ ಹೀಗೆ. 12 ವೋಲ್ಟಿನ 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಅಂದರೆ ಕಾಗದದ ಮೇಲೆ 1800 ವ್ಯಾಟ್ ಅವರ್, 1800 ವ್ಯಾಟನ್ನು ಒಂದು ಗಂಟೆ ಓಡಿಸುವಷ್ಟು. ಪೂರ್ತಿ ಖಾಲಿ ಮಾಡಬಾರದು, ಇನ್ವರ್ಟರ್ ಕೂಡ ಒಂದಿಷ್ಟು ತಿನ್ನುತ್ತದೆ. ಕೈಗೆ ಸಿಗುವುದು 1000, ಹೆಚ್ಚೆಂದರೆ 1100. ಲ್ಯಾಂಪ್ ಪ್ರೊಜೆಕ್ಟರ್ 250 ವ್ಯಾಟ್, ಬಾಕ್ಸು ಸ್ಪೀಕರು ಸೇರಿ 300. ಅಂದರೆ ಮೂರೂವರೆ ಗಂಟೆ. ಒಂದು ಟಿ20 ಹಾಗೂ ಹೀಗೂ ಮುಗಿಯುತ್ತದೆ, ಒಂದು ದಿನದ ಪಂದ್ಯ ಮುಗಿಯುವುದಿಲ್ಲ. ಎಲ್‌ಇಡಿ ಪ್ರೊಜೆಕ್ಟರ್ 70 ವ್ಯಾಟ್ ಆಸುಪಾಸು. ಅದೇ ಬ್ಯಾಟರಿ ಸಂಜೆಯಿಂದ ನಡುರಾತ್ರಿವರೆಗೆ ಎಳೆಯುತ್ತದೆ.

2025ರ ನವೆಂಬರ್ 2ರ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಈ ಲೆಕ್ಕ ಉಪಯೋಗಕ್ಕೆ ಬಂತು. ನವಿ ಮುಂಬೈಯಲ್ಲಿ ಮಳೆ ಬಂದು ಮೂರು ಗಂಟೆಯ ಆಟ ಐದಕ್ಕೆ ಶುರುವಾಯಿತು. ಬೇರೆಯವರಿಗೆ ಬೇಜಾರು, ಪ್ರೊಜೆಕ್ಟರ್ ಇಟ್ಟವನಿಗೆ ಲಾಭ, ಬಿಸಿಲಿನ ಎರಡು ಗಂಟೆ ತಪ್ಪಿತು. ಆದರೆ ಆಟ ನಡುರಾತ್ರಿ ಮುಟ್ಟುವುದು ಖಚಿತವಾಗಿತ್ತು. ಲ್ಯಾಂಪ್ ಪ್ರೊಜೆಕ್ಟರ್ ಲೈನ್ ಮೇಲೆ ಓಡಲಿ, ಕರೆಂಟ್ ಹೋದರೆ ಇನ್ವರ್ಟರ್ ಹಿಡಿಯಲಿ, ಕರೆಂಟ್ ಬೇಗ ಬರದಿದ್ದರೆ ಎಲ್‌ಇಡಿಗೆ ಬದಲಿಸೋಣ ಅಂತ ಅದನ್ನು ಪಕ್ಕದಲ್ಲೇ ಫೋಕಸ್ ಮಾಡಿ ಇಟ್ಟಿದ್ದೆ. ಅವತ್ತು ಹೆಣ್ಣುಮಕ್ಕಳೇ ಮುಂದೆ ಕುಂತಿದ್ದರು. ಎದುರು ಮನೆಯ ಅತ್ತಿ ಬಂದವರೇ "ನಮ್ಮ ಬಿಜಾಪುರದ ಹುಡುಗಿ ಆಡತಾಳೇನೋ ತಮ್ಮಾ?" ಅಂತ ಕೇಳಿದರು. ರಾಜೇಶ್ವರಿ ಗಾಯಕವಾಡ್ ಬಗ್ಗೆ ಕೇಳಿದ್ದು. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ತೆಗೆದಾಕೆ. "ಈ ಸಲದ ತಂಡದಾಗ ಇಲ್ರೀ ಅತ್ತಿ" ಅಂದೆ. ಆದರೂ ಅವರು ದಕ್ಷಿಣ ಆಫ್ರಿಕಾದ ಕೊನೆಯ ವಿಕೆಟ್ ಬೀಳುವವರೆಗೆ ಏಳಲಿಲ್ಲ. ಭಾರತ 52 ರನ್‌ಗಳಿಂದ ಗೆದ್ದಿತು.

ಒಂದು ಮಾತು ನನ್ನ ಕಸುಬಿನವನಾಗಿ ಹೇಳಲೇಬೇಕು. ಕಂಬದ ತಂತಿಗೆ ಕೊಕ್ಕೆ ಹಾಕಿ ಕರೆಂಟ್ ಎಳೆಯಬೇಡಿ. ಮನೆಯಿಂದಲೇ ವೈರ್ ತನ್ನಿ, ಅದರ ಹಿಂದೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿ ಆಂಪಿನ ಆರ್‌ಸಿಸಿಬಿ ಇರಲಿ. ಕತ್ತಲಲ್ಲಿ ಬರಿಗಾಲಲ್ಲಿ ಓಡಾಡುವ ಮಕ್ಕಳು, ಚೆಲ್ಲಿದ ನೀರು, ನೆಲದ ಮೇಲೆ ಎಕ್ಸ್‌ಟೆನ್ಷನ್ ಬಾಕ್ಸು. ಇನ್ನೇನು ಹೇಳಬೇಕು?

ಈಗ ಮ್ಯಾಚ್ ಎಲ್ಲಿಂದ ಬರುತ್ತದೆ ಅನ್ನುವುದು. ನಾನು ಮೊದಲ ದಾರಿಯಾಗಿ ಡಿಶ್ಶಿನ ಸೆಟ್ ಟಾಪ್ ಬಾಕ್ಸನ್ನೇ ಇಡುತ್ತೇನೆ, ಮೊಬೈಲ್ ಎರಡನೆಯದು. ಕಾರಣ ತಡ. ಮೊಬೈಲ್ ಆ್ಯಪಿನಲ್ಲಿ ಬರುವ ಲೈವ್ ಸಾಮಾನ್ಯವಾಗಿ ಡಿಶ್ಶಿಗಿಂತ ಅರ್ಧ ನಿಮಿಷದಷ್ಟು ಹಿಂದೆ ಇರುತ್ತದೆ. ಒಬ್ಬನೇ ಕುಂತು ನೋಡಿದರೆ ಅದು ಗೊತ್ತಾಗುವುದಿಲ್ಲ. ಓಣಿಯಲ್ಲಿ ನೋಡಿದರೆ ನಾಲ್ಕನೇ ಮನೆಯವರು ಮೊದಲೇ ಕೂಗುತ್ತಾರೆ. 2025ರ ಜೂನ್ 3ರ ಐಪಿಎಲ್ ಫೈನಲ್ ನೆನಪಿರಬೇಕಲ್ವಾ? ಪಂಜಾಬಿಗೆ ಕೊನೆಯ ಓವರ್‌ನಲ್ಲಿ 29 ರನ್ ಬೇಕಿತ್ತು. ಆರ್‌ಸಿಬಿಯ ಹೇಜಲ್‌ವುಡ್ ಮೊದಲ ಎರಡು ಬಾಲಿಗೆ ರನ್ ಕೊಡಲಿಲ್ಲ, ಊರೆಲ್ಲ ಪಟಾಕಿ. ಆರ್‌ಸಿಬಿ 18ನೇ ಸೀಸನ್ನಿಗೆ ಗೆಲ್ಲುವುದನ್ನು ಪಟಾಕಿ ಸದ್ದಿನಿಂದ ಮೊದಲು ತಿಳಿದು, ಆಮೇಲೆ ಪರದೆಯಲ್ಲಿ ನೋಡಿದರೆ ಏನು ಮಜಾ? ನಮ್ಮದು ಡಿಶ್ ಮೇಲೆ ಇದ್ದದ್ದಕ್ಕೆ ಪಟಾಕಿಯೂ ಬಾಲೂ ಒಟ್ಟಿಗೇ ಬಂದವು.

ಡಿಶ್ಶಿಗೆ ಶತ್ರು ಜೋರು ಮಳೆ. ಮೋಡ ದಟ್ಟವಾಗಿ ಸುರಿದರೆ ಸಿಗ್ನಲ್ ಹೋಗುತ್ತದೆ. ಮೊಬೈಲಿಗೆ ಶತ್ರು ಜನ. ಊರೆಲ್ಲ ಒಂದೇ ಹೊತ್ತಿಗೆ ಅದೇ ಆ್ಯಪ್ ತೆಗೆದಾಗ ಟವರ್ ಉಸಿರುಗಟ್ಟುತ್ತದೆ, ಚಿತ್ರ ಸುತ್ತುತ್ತಾ ಕೂರುತ್ತದೆ. ಎರಡೂ ಕೆಡುವ ಕಾರಣ ಬೇರೆ ಬೇರೆ ಆಗಿರುವುದರಿಂದ ಒಟ್ಟಿಗೆ ಕೆಡುವುದು ಅಪರೂಪ. ಪ್ರೊಜೆಕ್ಟರಿಗೆ ಚಿತ್ರ, ದನಿ ಒಳಗೆ ತಗೊಳ್ಳುವ ಎರಡು ಎಚ್‌ಡಿಎಂಐ ತೂತು ಇರಲಿ. ಒಂದಕ್ಕೆ ಬಾಕ್ಸು, ಇನ್ನೊಂದಕ್ಕೆ ಮೊಬೈಲ್ ನೆಟ್ಟಿನಿಂದ ಆ್ಯಪ್ ಓಡಿಸುವ ಸ್ಟ್ರೀಮಿಂಗ್ ಸ್ಟಿಕ್, ಎರಡೂ ಮೊದಲಿಂದಲೇ ಚಾಲೂ. ರಿಮೋಟಿನ ಒಂದೇ ಗುಂಡಿಯಲ್ಲಿ ಬದಲಾಗಬೇಕು. ಸ್ಟಿಕ್‌ಗೆ ಅದರದೇ ಚಾರ್ಜರ್ ಹಾಕಿ. ಪ್ರೊಜೆಕ್ಟರಿನ ಯುಎಸ್‌ಬಿಯಿಂದ ಕೊಟ್ಟರೆ ಹಲವು ಸಲ ಶಕ್ತಿ ಸಾಲದೆ ನಡುವೆ ತಾನೇ ಆರಿ ಹೊತ್ತುತ್ತದೆ. ಡೇಟಾ ಫುಲ್ ಎಚ್‌ಡಿಯಲ್ಲಿ ಗಂಟೆಗೆ 2 ಜಿಬಿ ಆಸುಪಾಸು ಹೋಗುತ್ತದೆ, ದಿನಕ್ಕೆ ಇಷ್ಟು ಅನ್ನುವ ಪ್ಯಾಕ್ ಒಂದು ಇನ್ನಿಂಗ್ಸಿಗೂ ಸಾಲದು.

ಮೊಬೈಲಿನಿಂದ ನೇರ ವೈರ್ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಅಂಗಡಿಯಲ್ಲಿ ಸಿಗುವ ಟೈಪ್-ಸಿ ಟು ಎಚ್‌ಡಿಎಂಐ ವೈರ್ ಎಲ್ಲ ಫೋನಿಗೂ ನಡೆಯುವುದಿಲ್ಲ. ಆ ತೂತಿನಿಂದ ಚಿತ್ರ ಹೊರಗೆ ಕೊಡುವ ಸೌಲಭ್ಯ ಫೋನಿನ ಒಳಗೇ ಇರಬೇಕು, ಕಡಿಮೆ ಬೆಲೆಯ ಬಹುತೇಕ ಫೋನಿನಲ್ಲಿ ಇರುವುದಿಲ್ಲ. ತಗೊಳ್ಳುವ ಮೊದಲು ಅಂಗಡಿಯಲ್ಲೇ ಹಾಕಿ ನೋಡಿ.

ತೋಟದಲ್ಲಿ ಕಟ್ಟುವುದಾದರೆ ನಾವು ಡಿಶ್ ಕೂಡ ಒಯ್ಯುತ್ತೇವೆ. ಡಿಡಿ ಫ್ರೀ ಡಿಶ್ಶಿಗೆ ತಿಂಗಳ ಬಾಡಿಗೆ ಇಲ್ಲ. ಸರ್ಕಾರ ರಾಷ್ಟ್ರೀಯ ಮಹತ್ವದ್ದು ಅಂತ ಗುರುತಿಸಿದ ಪಂದ್ಯಗಳನ್ನು ಪ್ರಸಾರ ಭಾರತಿಗೂ ಕೊಡಬೇಕು ಅಂತ 2007ರ ಕಾನೂನೇ ಇದೆ. ಆದರೆ ಐಪಿಎಲ್ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15 ಉಪಗ್ರಹದಿಂದ. ನಮ್ಮ ಬಾಗಲಕೋಟೆ ಕಡೆಯಿಂದ ಅದು ಆಗ್ನೇಯಕ್ಕೆ, ನೆಲದಿಂದ ಸುಮಾರು 60 ಡಿಗ್ರಿ ಮೇಲೆ. ಡಿಶ್ ಬುಟ್ಟಿ ಅಷ್ಟು ಮೇಲೆ ಮುಖ ಮಾಡಿದಂತೆ ಕಾಣುವುದಿಲ್ಲ, ಅದರ ರಚನೆಯೇ ಓರೆ. ಹೊಸಬರು ಅದಕ್ಕೇ ಆಕಾಶಕ್ಕೆ ತಿರುಗಿಸಿ ಸಿಗ್ನಲ್ ಸಿಗದೆ ಒದ್ದಾಡುತ್ತಾರೆ. ಮೊದಲು ದಿಕ್ಕು ಸರಿ ಮಾಡಿ, ಆಮೇಲೆ ಬೆರಳಷ್ಟು ಬೆರಳಷ್ಟು ಮೇಲೆ ಕೆಳಗೆ ಆಡಿಸಿ.

ಪ್ರೊಜೆಕ್ಟರ್ ಬೆಳಕಿನ ವಿಷಯದಲ್ಲಿ ಜಾಹೀರಾತು ನಂಬಬೇಡಿ. ಡಬ್ಬಿ ಮೇಲೆ 9000 ಲ್ಯೂಮೆನ್ ಅಂತ ಬರೆದಿರುತ್ತಾರೆ. ಕೇಳಬೇಕಾದದ್ದು ಆನ್ಸಿ ಲ್ಯೂಮೆನ್, ಅಂದರೆ ಗೊತ್ತಾದ ಪದ್ಧತಿಯಲ್ಲಿ ಅಳೆದ ಬೆಳಕು, ಅದು 300 ಕೂಡ ಇರಲಿಕ್ಕಿಲ್ಲ. "4ಕೆ ಸಪೋರ್ಟ್" ಅನ್ನುವುದೂ ಅಷ್ಟೇ. 4ಕೆ ಚಿತ್ರವನ್ನು ಒಳಗೆ ತಗೊಳ್ಳುತ್ತದೆ, ಗೋಡೆಗೆ ಬಿಡುವುದು 720 ಸಾಲೋ ಅದಕ್ಕಿಂತ ಕಡಿಮೆಯೋ. ಸಿನಿಮಾಗೆ ಅದು ನಡೆದೀತು. ಕ್ರಿಕೆಟ್‌ನಲ್ಲಿ ಬಾಲ್ ಅನ್ನುವುದು ಪರದೆ ಮೇಲೆ ಒಂದು ಚುಕ್ಕಿ. ಪಕ್ಕದ ಓಣಿಯಲ್ಲಿ ಅಂಥದೊಂದು ಹಚ್ಚಿದಾಗ ಹಿಂದೆ ಕುಂತ ಕಾಕಾ ಒಬ್ಬರು "ಬಾಲ್ ಎಲ್ಲೈತೋ ತಮ್ಮಾ, ಬರೇ ಬ್ಯಾಟ್ ಬೀಸೋದಷ್ಟ ಕಾಣ್ತೈತಿ" ಅಂದರು. ಕಬಡ್ಡಿಗೆ ಈ ತೊಂದರೆ ಕಡಿಮೆ. ಆಟಗಾರರು ದೊಡ್ಡದಾಗಿ ಕಾಣುತ್ತಾರೆ, ಕಣ ಚಿಕ್ಕದು. ಸಣ್ಣ ಪ್ರೊಜೆಕ್ಟರ್ ಇದ್ದವರು ಪ್ರೊ ಕಬಡ್ಡಿಯಿಂದ ಶುರು ಮಾಡಿ.

ಪರದೆ ದೊಡ್ಡದು ಮಾಡುವ ಹುಚ್ಚನ್ನು ಹಿಡಿತದಲ್ಲಿಡಬೇಕು. ಮೂಲೆಯಿಂದ ಮೂಲೆಗೆ ಅಳತೆ ಎರಡು ಪಟ್ಟು ಮಾಡಿದರೆ ಬೆಳಕು ನಾಲ್ಕರಲ್ಲಿ ಒಂದಾಗುತ್ತದೆ. ನಮಗೆ ಒಂದು ಅನುಕೂಲ ಇದೆ, ಊರು ತುಂಬ ಮಗ್ಗ. ಸೀರೆ ನೇಯುವ ಮಗ್ಗದ ಬಟ್ಟೆಯ ಅಗಲ 48 ಇಂಚಿನ ಆಸುಪಾಸು. ಅದನ್ನು ಅಡ್ಡ ಹಿಡಿದರೆ ಅದೇ ಪರದೆಯ ಎತ್ತರ. ಅಂಚು ಮಡಚಿ ಹೊಲಿದ ಮೇಲೂ ಮೂಲೆಯಿಂದ ಮೂಲೆಗೆ 93 ಇಂಚಿನ ಪರದೆ ಸಿಗುತ್ತದೆ, ನಡುವೆ ಹೊಲಿಗೆ ಇಲ್ಲ. ಬಣ್ಣ ಹಾಕದ ಬಿಳಿ ಹತ್ತಿ ಬಟ್ಟೆಗೆ ಗಂಜಿ ಕೊಟ್ಟು ಇಸ್ತ್ರಿ ಮಾಡಿದರೆ ಸುಕ್ಕು ಬರುವುದಿಲ್ಲ. ಒಂದೇ ಪದರ ಆದರೆ ಬೆಳಕು ಹಿಂದಕ್ಕೆ ಸೋರುತ್ತದೆ, ಅದಕ್ಕೆ ಹಿಂದೆ ಕಪ್ಪು ಬಟ್ಟೆ ಜೋಡಿಸಬೇಕು. ಜೋಡಿಸದಿದ್ದರೆ ಹುಡುಗರು ಪರದೆ ಹಿಂದೆ ಹೋಗಿ ಕೂರುತ್ತಾರೆ, ಅವರಿಗೆ ಸ್ಮೃತಿ ಮಂಧಾನ ಬಲಗೈ ಆಟಗಾರ್ತಿ.

ಫ್ಲೆಕ್ಸ್ ಬ್ಯಾನರಿನ ಬೆನ್ನು ಬಳಸುವವರು ಇದ್ದಾರೆ. ಒಳಗೆ ಗೋಡೆಗೆ ಹೊಡೆದರೆ ಪರವಾಗಿಲ್ಲ. ಬಯಲಿನಲ್ಲಿ ಅದು ಗಾಳಿ ಬಿಟ್ಟುಕೊಡುವುದಿಲ್ಲ, ಗಾಳಿಪಟದ ಹಾಗೆ ಗಳವನ್ನೇ ಎತ್ತಿಕೊಂಡು ಹೋಗಲು ನೋಡುತ್ತದೆ. ಹೊಳಪಿದ್ದರೆ ನಡುವೆ ಬೆಳಕಿನ ಚುಕ್ಕೆ ಬೇರೆ. ನಮ್ಮ ಎರೆ ಮಣ್ಣಿನಲ್ಲಿ ಗೂಟವೂ ಭರವಸೆಯದಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಗೂಟ ಬಿರುಕಿನಲ್ಲಿ ಅಲ್ಲಾಡುತ್ತದೆ. ಮಳೆಗಾಲದಲ್ಲಿ ಕೆಸರು. ನಾವು ಟ್ರ್ಯಾಕ್ಟರ್ ಟ್ರೇಲರಿನ ಪಕ್ಕಕ್ಕೇ ಎರಡು ಬಿದಿರಿನ ಗಳ ಕಟ್ಟಿ ಪರದೆ ಎಳೆಯುತ್ತೇವೆ. ಇವೆಲ್ಲಕ್ಕಿಂತ ಒಳ್ಳೆಯದು ಸುಣ್ಣ ಹೊಡೆದ ಗೋಡೆ. ಹೊಳಪಿಲ್ಲ, ಸುಕ್ಕಿಲ್ಲ, ಗಾಳಿಗೆ ಹಾರುವುದಿಲ್ಲ. ಆದರೆ ಪೂರ್ವಕ್ಕೆ ಮುಖ ಮಾಡಿದ ಗೋಡೆ ನೋಡಿ. ಸಂಜೆಯ ಪಡುವಣ ಬೆಳಕು ಅದರ ಮೇಲೆ ಬೀಳುವುದಿಲ್ಲ, ಅರ್ಧ ಗಂಟೆ ಮೊದಲೇ ಚಿತ್ರ ಕಾಣಲು ಶುರುವಾಗುತ್ತದೆ. ಬೀದಿ ದೀಪವೂ ಗೋಡೆಯ ಬೆನ್ನಿಗಿರಲಿ.

ಪ್ರೊಜೆಕ್ಟರನ್ನು ನೆಲದಲ್ಲಿಟ್ಟು ಮೇಲಕ್ಕೆ ಓರೆ ಮಾಡಿ, ಆಮೇಲೆ ಕೀಸ್ಟೋನ್ ಗುಂಡಿಯಿಂದ ನೆಟ್ಟಗೆ ಮಾಡಿದರೆ ಚಿತ್ರದ ಒಂದಷ್ಟು ಚುಕ್ಕಿಗಳು ದಂಡ. ಸ್ಕೋರಿನ ಅಕ್ಷರ ಮಂಕಾಗುತ್ತವೆ. ಸ್ಟೂಲ್ ಮೇಲೆ ಸ್ಟೂಲ್ ಇಟ್ಟಾದರೂ ಎತ್ತರಿಸಿ.

ದನಿಗೆ ಬ್ಲೂಟೂತ್ ಬೇಡ. ಬ್ಯಾಟಿಗೆ ಬಾಲ್ ಬಡಿದ ಮೇಲೆ ಟಕ್ ಅನ್ನುವ ಸದ್ದು ಬರುತ್ತದೆ, ತಲೆನೋವು. ಹೆಡ್‌ಫೋನ್ ತೂತಿಗೆ ಹಾಕುವ ಮಾಮೂಲಿ ಆಕ್ಸ್ ವೈರ್ ಸಾಕು. ಒಂದು ದೊಡ್ಡ ಡಬ್ಬಿಗಿಂತ ಎರಡು ಸಣ್ಣ ಸ್ಪೀಕರ್ ಜನರ ಹತ್ತಿರ ಇಟ್ಟರೆ ಕಡಿಮೆ ದನಿಯಲ್ಲೇ ಕನ್ನಡ ಕಾಮೆಂಟ್ರಿ ಚೆನ್ನಾಗಿ ಕೇಳುತ್ತದೆ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ, 2000ದ ಶಬ್ದ ಮಾಲಿನ್ಯ ನಿಯಮ ಹಾಗೆ ಹೇಳುತ್ತದೆ. ಏಳೂವರೆಯ ಐಪಿಎಲ್ ಮ್ಯಾಚ್ ಹನ್ನೊಂದು ದಾಟುತ್ತದೆ. ಹತ್ತಾದ ಕೂಡಲೇ ಹೊರಗಿನ ಸ್ಪೀಕರ್ ಬಂದ್ ಮಾಡುತ್ತೇವೆ, ಪ್ರೊಜೆಕ್ಟರಿನ ಒಳಗಿನ ಸಣ್ಣ ಸ್ಪೀಕರ್ ಮಾತ್ರ. ಸ್ಕೋರ್ ಕಾಣುತ್ತದಲ್ಲ.

ಮಳೆಗಾಲದಲ್ಲಿ ಕಬ್ಬಿನ ಪಕ್ಕ ಕಟ್ಟಿದರೆ ಹುಳದ ಕಾಟ. ಲೆನ್ಸ್ ಮೇಲೆ ಕುಂತ ಒಂದು ಹುಳ ಪರದೆ ಮೇಲೆ ಫೀಲ್ಡರಿಗಿಂತ ದೊಡ್ಡದು. ದೂರದಲ್ಲಿ, ಜನರ ಬೆನ್ನ ಹಿಂದೆ ಒಂದು ಬಿಳಿ ಬಲ್ಬ್ ಹಚ್ಚಿಟ್ಟರೆ ಅರ್ಧದಷ್ಟು ಅಲ್ಲಿಗೆ ಹೋಗುತ್ತವೆ. ಬೇವಿನ ಹೊಗೆ ಹಾಕಬೇಡಿ, ಬೆಳಕು ಹೊಗೆಗೇ ಬಡಿದು ಚಿತ್ರ ತೊಳೆದಂತಾಗುತ್ತದೆ. ಏಪ್ರಿಲ್, ಮೇನಲ್ಲಿ ಬಿಸಿಲಿಗೆ ಕಾದ ಮಾಳಿಗೆ ಮೇಲೆ ಸಂಜೆಗೇ ಪ್ರೊಜೆಕ್ಟರ್ ಇಡಬೇಡಿ. ಗಾಳಿ ಎಳೆಯುವ ಜಾಲರಿಯ ದೂಳು ಪ್ರತಿ ಸಲ ಬ್ರಷ್‌ನಿಂದ ತೆಗೆಯಿರಿ. ಹತ್ತಿಯ ನಾರು ಹಾರುವ ಊರಿನಲ್ಲಂತೂ ಅದು ಬೇಗ ಕಟ್ಟುತ್ತದೆ, ಕಟ್ಟಿದರೆ ಬಿಸಿಯಾಗಿ ತಾನೇ ಆರುತ್ತದೆ.

ದುಡ್ಡಿನ ವಿಷಯ. ಟಿಕೆಟ್ ಇಟ್ಟು ಮ್ಯಾಚ್ ತೋರಿಸುವಂತಿಲ್ಲ. 1957ರ ಕಾಪಿರೈಟ್ ಕಾಯ್ದೆಯ 37ನೇ ಕಲಂ ಪ್ರಕಾರ ಅನುಮತಿ ಇಲ್ಲದೆ ಹಣ ಪಡೆದು ಪ್ರಸಾರವನ್ನು ಸಾರ್ವಜನಿಕರಿಗೆ ತೋರಿಸುವುದು ಹಕ್ಕಿನ ಉಲ್ಲಂಘನೆ. ಆ್ಯಪುಗಳ ಚಂದಾ ಕೂಡ ಸ್ವಂತ ನೋಡಲಿಕ್ಕೆ ಕೊಟ್ಟದ್ದು. ಒಬ್ಬರು ಧಾಬಾದಲ್ಲಿ ಹಚ್ಚಿಕೊಡಿ ಅಂತ ಕರೆದಾಗ ನಾನು ಇದನ್ನೇ ಹೇಳಿ, ಪ್ರಸಾರದವರ ಹತ್ತಿರ ಅನುಮತಿ ತಗೊಂಡು ಬನ್ನಿ ಅಂದೆ. ನಮ್ಮದು ಮನೆಯವರು, ನೆರೆಯವರು ಕೂಡಿ ನೋಡುವುದು. ಚುರುಮುರಿ, ಮಿರ್ಚಿ ಅವರವರೇ ತರುತ್ತಾರೆ.

ಇನ್ನು ಹಗಲಿನ ಮ್ಯಾಚ್. ಮೂರೂವರೆಗೆ ಶುರುವಾಗುವ ಆಟಕ್ಕೆ ಪ್ರೊಜೆಕ್ಟರ್ ಹೊರಗೆ ತೆಗೆಯಲೇಬೇಡಿ, 3000 ಲ್ಯೂಮೆನ್ ಇದ್ದರೂ ಬಯಲ ಬಿಸಿಲಿಗೆ ಏನೂ ಅಲ್ಲ. ಲ್ಯಾಪ್‌ಟಾಪಿನಷ್ಟಿರುವ 15.6 ಇಂಚಿನ ಪೋರ್ಟಬಲ್ ಮಾನಿಟರ್ ಇಬ್ಬರು ಮೂವರಿಗೆ ಸಾಕು, ಅದೂ ನೆರಳಿನಲ್ಲಿ. ಹೆಚ್ಚು ಜನ ಇದ್ದರೆ ಮನೆಯ 32 ಇಂಚಿನ ಟಿವಿಯೇ ಒಳ್ಳೆಯದು, ಅದು ತಿನ್ನುವುದು 50 ವ್ಯಾಟ್ ಅಷ್ಟೇ. ಕಬ್ಬು ಕಡಿಯುವ ದಿನಗಳಲ್ಲಿ ನಾವು ಅದನ್ನು ತಾಡಪತ್ರಿ ಮುಚ್ಚಿದ ಟ್ರೇಲರ್ ಒಳಗೆ ಇಟ್ಟು, ಬ್ಯಾಟರಿಗೆ ಸಣ್ಣ ಇನ್ವರ್ಟರ್ ಜೋಡಿಸುತ್ತೇವೆ. ಟ್ರ್ಯಾಕ್ಟರಿನ ಬ್ಯಾಟರಿ ಬೇಡ, ಬೇರೆ ಬ್ಯಾಟರಿ ಒಯ್ಯಿರಿ. ಮ್ಯಾಚ್ ಮುಗಿದ ಮೇಲೆ ಟ್ರ್ಯಾಕ್ಟರ್ ಸ್ಟಾರ್ಟ್ ಆಗಬೇಕಲ್ಲ.