ಹಳೆಯ ವರ್ನಾ ಕೊಳ್ಳುವಾಗ ಎಂಜಿನ್ ಆರಿಸುವ ಬಗೆ

ಮಂಗಳೂರು, ಉಡುಪಿಗಳಲ್ಲಿ ಹಳೆಯ ಸೆಡಾನ್ ಹುಡುಕುವ ಕುಟುಂಬಗಳಿಗೆ 2011ರ ಮೇ ತಿಂಗಳಲ್ಲಿ ಮಾರುಕಟ್ಟೆಗೆ ಬಂದ ಹ್ಯುಂಡೈ ಫ್ಲೂಯಿಡಿಕ್ ವರ್ನಾ ಈಗ ಕೈಗೆಟಕುವ ಬೆಲೆಯಲ್ಲಿ ಸಿಗುತ್ತದೆ. ಹೊರಗಿನಿಂದ ಎಲ್ಲವೂ ಒಂದೇ ಬಗೆಯಾಗಿ ಕಂಡರೂ ಒಳಗೆ ನಾಲ್ಕು ಬೇರೆ ಬೇರೆ ಎಂಜಿನ್‌ಗಳಿದ್ದವು. ಸೀಟ್ ಕವರ್, ಮ್ಯೂಸಿಕ್ ಸಿಸ್ಟಂಗಳನ್ನು ಆಮೇಲೆಯೂ ಹಾಕಿಸಿಕೊಳ್ಳಬಹುದಾದ್ದರಿಂದ ಮೊದಲು ಎಂಜಿನ್ನನ್ನು, ಅನಂತರವೇ ಮಾದರಿಯ ದರ್ಜೆಯನ್ನು ನಿರ್ಧರಿಸಬೇಕು.

ಕೆಳದರ್ಜೆಯ ಮಾದರಿಗಳಲ್ಲಿ 1.4 ಲೀಟರ್‌ನ ಎಂಜಿನ್ ಇರುತ್ತಿತ್ತು: ಪೆಟ್ರೋಲ್ ಆದರೆ 107 ಪಿ.ಎಸ್. (ಅಶ್ವಶಕ್ತಿಯ ಒಂದು ಅಳತೆ), ಡೀಸೆಲ್ ಆದರೆ 90 ಪಿ.ಎಸ್. ಶಕ್ತಿ. ಮೇಲ್ದರ್ಜೆಗಳಲ್ಲಿ 1.6 ಲೀಟರ್‌ನ 123 ಪಿ.ಎಸ್. ಪೆಟ್ರೋಲ್ ಅಥವಾ 128 ಪಿ.ಎಸ್. ಡೀಸೆಲ್. ನಾಲ್ಕು ಗಿಯರ್‌ಗಳ ಆಟೊಮ್ಯಾಟಿಕ್ ಬೇಕೆನ್ನುವವರು 1.6ನ್ನೇ ಹುಡುಕಬೇಕು, ಆರು ಏರ್‌ಬ್ಯಾಗ್‌ಗಳು ಬೇಕೆಂದರೂ ಅದೇ ಎಂಜಿನ್‌ನ ಎಸ್‌ಎಕ್ಸ್ ಆಪ್ಷನ್ ಮಾದರಿಯೇ ಆಗಬೇಕು.

ಡಿಕ್ಕಿಯ ಮೇಲೆ ಅಂಟಿಸಿದ ಅಕ್ಷರಗಳನ್ನು ನಂಬಬೇಡಿ, ಏಕೆಂದರೆ ಅವನ್ನು ಯಾರು ಬೇಕಾದರೂ ಬದಲಿಸಬಹುದು. ಕಾರಿನ ನೋಂದಣಿ ಪತ್ರದಲ್ಲಿ, ಅಂದರೆ ಆರ್.ಸಿ.ಯಲ್ಲಿ, 1591 ಸಿ.ಸಿ. ಎಂದಿದ್ದರೆ ಅದು 1.6 ಪೆಟ್ರೋಲ್, 1582 ಎಂದಿದ್ದರೆ 1.6 ಡೀಸೆಲ್. ಆದರೆ 1.4ರ ಪೆಟ್ರೋಲ್ ಮತ್ತು ಡೀಸೆಲ್ ಎರಡೂ 1396 ಸಿ.ಸಿ. ಆಗಿರುವುದರಿಂದ ಇಂಧನದ ಕಾಲಂ ಓದದೆ ತೀರ್ಮಾನಕ್ಕೆ ಬರಬಾರದು. ಎಂಜಿನ್ ಮೇಲೆ ಕೊರೆದಿರುವ ಸಂಖ್ಯೆಯನ್ನೂ ಆರ್.ಸಿ.ಯೊಂದಿಗೆ ತಾಳೆ ನೋಡಿರಿ. 2011ರಲ್ಲಿ ನೋಂದಣಿಯಾದ ಕಾರಿಗೆ 2026ರಲ್ಲಿ ಹದಿನೈದು ವರ್ಷ ತುಂಬುತ್ತದೆ, ಆರ್.ಸಿ. ನವೀಕರಣದ ಖರ್ಚನ್ನೂ ಬೆಲೆ ಮಾತಾಡುವಾಗಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು ಒಳ್ಳೆಯದು.

ಹೆಚ್ಚಿನವರು ಗಮನಿಸದ ಇನ್ನೊಂದು ಖರ್ಚಿದೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ ಥರ್ಡ್ ಪಾರ್ಟಿ ವಿಮೆಯ ಮೂಲ ಕಂತು 1000ರಿಂದ 1500 ಸಿ.ಸಿ.ಯವರೆಗಿನ ಖಾಸಗಿ ಕಾರಿಗೆ 3,416 ರೂಪಾಯಿ, 1500 ಸಿ.ಸಿ. ಮೀರಿದರೆ 7,897 ರೂಪಾಯಿ. ದಿನವೂ ಮಂಗಳೂರಿನೊಳಗೇ ಬಿಜೈಯಿಂದ ಹಂಪನಕಟ್ಟೆಗೆ ಹೋಗಿಬರುವಷ್ಟೇ ಓಡಾಟವಿರುವ ಮನೆಗೆ ಈ ವ್ಯತ್ಯಾಸ ವರ್ಷ ವರ್ಷವೂ ಹೊರೆಯೇ ಆದ್ದರಿಂದ, ಅಂಥವರಿಗೆ 1.4 ಪೆಟ್ರೋಲ್ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ.

ತಿಂಗಳಿಗೆ ಎರಡು ಮೂರು ಬಾರಿ ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಹತ್ತುವವರ ಮಾತು ಬೇರೆ. ಅವರಿಗೆ 260 ನ್ಯೂಟನ್ ಮೀಟರ್ ಟಾರ್ಕ್ (ಚಕ್ರ ತಿರುಗಿಸುವ ಬಲ) ಕೊಡುವ 1.6 ಡೀಸೆಲ್ ಎಲ್ಲಕ್ಕಿಂತ ಹಿತವಾದುದು. ಆದರೆ ಟರ್ಬೊ, ಇಂಜೆಕ್ಟರ್‌ಗಳ ದುರಸ್ತಿ ದುಬಾರಿಯಾದ್ದರಿಂದ, ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ಯದೆ ಮುಂಗಡ ಕೊಡಬೇಡಿ. 1.4 ಡೀಸೆಲ್‌ನ ಆಸೆಯಿದ್ದರೆ ಸಪಾಟು ಹೆದ್ದಾರಿಯಲ್ಲಿ ಓಡಿಸಿ ತೃಪ್ತರಾಗದೆ, ಮನೆಯವರನ್ನೆಲ್ಲ ಕೂರಿಸಿಕೊಂಡು, ಎ.ಸಿ. ಹಾಕಿ, ಉಡುಪಿಯಿಂದ ಮಣಿಪಾಲದ ಏರನ್ನು ಹತ್ತಿಸಿ ನೋಡಿರಿ. ಎರಡನೆಯ ಗಿಯರ್‌ನಲ್ಲಿ ಕಾರು ತಿಣುಕಿದರೆ, ಅಥವಾ ಹಿಂದೆ ಕಪ್ಪು ಹೊಗೆ ಕಂಡರೆ, ಬೆಲೆ ಎಷ್ಟೇ ಇಳಿಸಿದರೂ ಆ ಕಾರನ್ನು ಬಿಟ್ಟುಬಿಡಿ.