ತಿಂಗಳಿಗೆ 13 ಡಾಲರ್ ಸಂಬಳದ ಸಿಪಾಯಿಯಾಗಿ ಮೂರು ದಿನ

ಮೊದಲು ಕೈಕೊಟ್ಟಿದ್ದು ಕಾಲು.

ಕಾರು ನಿಲ್ಲಿಸಿದ ಜಾಗದಿಂದ ಬಿಡಾರಕ್ಕೆ ಎರಡು ಕಿ.ಮೀ. ಕೂಡ ಇರಲಿಲ್ಲ. ಹೊಲದ ದಾರಿ. ಅಷ್ಟರಲ್ಲೇ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಹಾಕಿದ್ದು ಬ್ರೋಗನ್ ಎನ್ನುವ ಗಿಡ್ಡ ಬೂಟು. ಚರ್ಮ ಹಲಗೆಯಷ್ಟು ಗಟ್ಟಿ. ಅಟ್ಟೆಗೆ ಮರದ ಸಣ್ಣ ಮೊಳೆ, ಹಿಮ್ಮಡಿಗೆ ಕಬ್ಬಿಣದ ಲಾಳ. ದಿನಾ ಹಾಕುವ ಶೂ ಸೈಜನ್ನೇ ಹೇಳಿ ತರಿಸಿದ್ದೆ. ದಪ್ಪ ಉಣ್ಣೆ ಸಾಕ್ಸ್ ಹಾಕಬೇಕಲ್ಲ, ಅದಕ್ಕೆ ಜಾಗ ಬೇಡವೇ? ಅರ್ಧ ಸೈಜ್ ದೊಡ್ಡದು ತಗೋಬೇಕಿತ್ತು. ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನಾನು ಗದಗ ಕಡೆಯವನು. ಈಗ ಅಮೆರಿಕದ ಮೇರಿಲ್ಯಾಂಡಿನಲ್ಲಿ ಕಂಪ್ಯೂಟರ್ ಕೆಲಸ. ಇಲ್ಲಿ ಒಂದು ವಿಚಿತ್ರ ಹವ್ಯಾಸ ಇದೆ. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ಸಿಪಾಯಿಗಳ ಹಾಗೆ ಬಟ್ಟೆ ತೊಟ್ಟು, ಅವರು ತಿಂದದ್ದನ್ನೇ ತಿಂದು, ಬಯಲಲ್ಲಿ ಮಲಗಿ ವಾರದ ಕೊನೆ ಕಳೆಯುವುದು. ಅಣಕು ಯುದ್ಧವೂ ಇರುತ್ತದೆ. ಆದರೆ ಗೆಟಿಸ್‌ಬರ್ಗ್, ಆಂಟಿಟಮ್ ತರಹದ ನಿಜವಾದ ರಣರಂಗಗಳು ರಾಷ್ಟ್ರೀಯ ಉದ್ಯಾನಗಳು. ಅಲ್ಲಿ ಅಣಕು ಯುದ್ಧಕ್ಕೆ ಬಿಡುವುದಿಲ್ಲ. ಹಾಗಾಗಿ ಯಾರದೋ ಹೊಲ ಕೇಳಿಕೊಂಡು ಆಡುತ್ತಾರೆ. ನಾನು ಸೇರಿದ್ದು ಯೂನಿಯನ್ ಸೈನ್ಯದ, ಅಂದರೆ ಉತ್ತರದ ರಾಜ್ಯಗಳ ಕಡೆಯ ಒಂದು ಕಾಲ್ದಳದ ಗುಂಪಿಗೆ.

ಅವ್ವನಿಗೆ ಫೋನಿನಲ್ಲಿ ಹೇಳಿದೆ. "ಯಪ್ಪಾ, ಇದ್ದ ನೌಕರಿ ಬಿಟ್ಟು ದಂಡಿಗೆ ಸೇರಿದಿ ಏನಪ?" ಎಂದು ಗಾಬರಿಯಾದಳು. ನಾಟಕ ಇದ್ದಂಗ ಬೇ ಎಂದ ಮೇಲೆ ಸಮಾಧಾನ.

ಹೊಸದಾಗಿ ಸೇರುವವರು ಎಲ್ಲವನ್ನೂ ಒಮ್ಮೆಗೇ ಕೊಳ್ಳಬೇಡಿ. ಬಂದೂಕು, ಕೋಟು, ಚೀಲ ಎಲ್ಲ ಗುಂಪಿನವರೇ ಎರವಲು ಕೊಡುತ್ತಾರೆ. ಬೂಟು, ಸಾಕ್ಸ್ ಮಾತ್ರ ನಿಮ್ಮದಿರಲಿ. ಜುಲೈ ತಿಂಗಳ ಬಿಸಿಲಲ್ಲಿ ಉಣ್ಣೆ ಕೋಟು ಎಂದರೆ ನನಗೆ ಭಯ ಇತ್ತು. ಅದು ಅಷ್ಟು ಕಷ್ಟ ಆಗಲಿಲ್ಲ. ಬೆವರು ಹೀರಿಕೊಂಡ ಮೇಲೆ ಗಾಳಿ ಬೀಸಿದರೆ ತಂಪೇ ಆಗುತ್ತದೆ. ಕಷ್ಟ ಇರುವುದು ಭುಜದ ಮೇಲೆ. ಬಂದೂಕೇ 4 ಕೆಜಿ. ಬಲಗಡೆ 40 ತೋಟಾಗಳ ಚರ್ಮದ ಪೆಟ್ಟಿಗೆ, ಎಡಗಡೆ ಬುತ್ತಿ ಚೀಲ, ಅದರ ಮೇಲೆ ನೀರಿನ ಡಬ್ಬಿ, ಬೆನ್ನಿಗೆ ಕಂಬಳಿ ಮತ್ತು ಅರ್ಧ ಡೇರೆ. ಆಗಿನವರು ಎಲ್ಲ ಸೇರಿ 18–20 ಕೆಜಿ ಹೊರುತ್ತಿದ್ದರು. ಹೊಸ ಸಿಪಾಯಿಗಳು ದಾರಿಯುದ್ದಕ್ಕೂ ಸಾಮಾನು ಎಸೆಯುತ್ತಾ ಹೋಗುತ್ತಿದ್ದರಂತೆ. ಎರಡು ಕಿ.ಮೀ.ಗೇ ನನಗೂ ಹಾಗನ್ನಿಸಿತು. 1863ರ ಜುಲೈ 1ರ ರಾತ್ರಿ ಯೂನಿಯನ್ ಸೈನ್ಯದ ಆರನೇ ಕೋರ್, ಅಂದರೆ ಸಾವಿರಾರು ಸಿಪಾಯಿಗಳ ಒಂದು ದೊಡ್ಡ ಪಡೆ, ಗೆಟಿಸ್‌ಬರ್ಗಿಗೆ ಹೊರಟು, ಮರುದಿನ ಸಂಜೆ ಹೊತ್ತಿಗೆ 50 ಕಿ.ಮೀ.ಗೂ ಜಾಸ್ತಿ ನಡೆದು ಮುಟ್ಟಿತ್ತು. ಇದೇ ತರಹದ ಬೂಟು ಹಾಕಿಕೊಂಡು!

ಅರ್ಧ ಡೇರೆ ಎಂದೆನಲ್ಲ. ಒಬ್ಬನ ಹತ್ತಿರ ಅರ್ಧ ಬಟ್ಟೆ, ಜೊತೆಗಾರನ ಹತ್ತಿರ ಇನ್ನರ್ಧ. ರಾತ್ರಿ ಎರಡನ್ನೂ ಗುಂಡಿ ಹಾಕಿ ಜೋಡಿಸಬೇಕು. ಜೊತೆಗಾರನ ಜೊತೆ ಜಗಳ ಆಡಿದರೆ ನಿಮಗೆ ಸೂರಿಲ್ಲ. ಚಳಿಯಲ್ಲಿ ಸಿಪಾಯಿಗಳು ಚಮಚದ ಮೇಲೆ ಚಮಚ ಇಟ್ಟ ಹಾಗೆ ಒತ್ತಾಗಿ ಮಲಗಿ, ಒಬ್ಬ ಕೂಗಿದಾಗ ಎಲ್ಲರೂ ಒಟ್ಟಿಗೆ ಮಗ್ಗುಲು ಬದಲಿಸುತ್ತಿದ್ದರು. ನನ್ನ ಜೊತೆಗಾರ ಗೊರಕೆ ಹೊಡೆದ. ಅಷ್ಟೇ.

ಊಟದ ವಿಷಯಕ್ಕೆ ಬರೋಣ. ನಾನು ಮಾಂಸ ತಿನ್ನುವವನಲ್ಲ. ಉಪ್ಪು ಹಾಕಿದ ಹಂದಿ ಮಾಂಸ ನನ್ನ ಪಾಲಿಗೆ ಬಂದಾಗಲೆಲ್ಲ ಕಾಫಿಗೆ ಬದಲು ಮಾಡಿಕೊಂಡೆ. ಆಗಿನವರೂ ಹೀಗೆ ಕೊಡುಕೊಳ್ಳುವ ವ್ಯಾಪಾರ ಮಾಡುತ್ತಿದ್ದರು. ಮುಖ್ಯ ಆಹಾರ ಹಾರ್ಡ್‌ಟ್ಯಾಕ್, ಕಲ್ಲಿನಂಥ ಬಿಸ್ಕತ್ತು. ದಿನಕ್ಕೆ ಒಬ್ಬನಿಗೆ ಒಂಬತ್ತೋ ಹತ್ತೋ. ಮನೆಯಲ್ಲೇ ಮಾಡಿಕೊಂಡು ಹೋಗಿದ್ದೆ. ಮೂರು ಕಪ್ ಮೈದಾ, ಚಿಟಿಕೆ ಉಪ್ಪು, ಒಂದು ಕಪ್ಪಿಗೂ ಕಡಿಮೆ ನೀರು. ಎಣ್ಣೆ ಇಲ್ಲ, ಯೀಸ್ಟ್ ಇಲ್ಲ. ಅರ್ಧ ಇಂಚು ದಪ್ಪಕ್ಕೆ ಲಟ್ಟಿಸಿ, ಮೂರು ಇಂಚಿನ ಚೌಕ ಕತ್ತರಿಸಿ, ಮೊಳೆಯಿಂದ ಸಾಲಾಗಿ ತೂತು ಮಾಡಿ, 190 ಡಿಗ್ರಿಯಲ್ಲಿ ಎರಡೂ ಬದಿ ಅರ್ಧರ್ಧ ಗಂಟೆ ಬೇಯಿಸಬೇಕು. ಆಮೇಲೆ ನಾಲ್ಕು ದಿನ ಸುಮ್ನೆ ಒಣಗಲು ಬಿಡಿ. ಕಡಕ್ ರೊಟ್ಟಿ ತಿಂದು ಬೆಳೆದವನಿಗೆ ಇದೇನು ಮಹಾ ಎಂದು ಸೀದಾ ಕಚ್ಚಿದೆ. ದವಡೆ ಹಲ್ಲಿನ ಫಿಲ್ಲಿಂಗ್ ಕಿತ್ತು ಬಂತು. ಕಡಕ್ ರೊಟ್ಟಿ ಪುಡಿಯಾಗುತ್ತದೆ. ಇದು ಆಗುವುದಿಲ್ಲ. ಬಂದೂಕಿನ ಹಿಡಿಯಿಂದ ಜಜ್ಜಿ, ಬಿಸಿ ಕಾಫಿಯಲ್ಲಿ ನೆನೆಸಿ ತಿನ್ನಬೇಕು. ಹಳೇ ಬಿಸ್ಕತ್ತಿನಲ್ಲಿ ಹುಳ ಇದ್ದರೆ ಕಾಫಿಯ ಮೇಲೆ ತೇಲುತ್ತಿದ್ದವು. ತೆಗೆದುಹಾಕಿ ಕುಡಿಯುತ್ತಿದ್ದರು. ಕಾಫಿ ಮಾತ್ರ ಧಾರಾಳ. ಹುರಿದ ಬೀಜ ಒಬ್ಬನಿಗೆ ದಿನಕ್ಕೆ ಸುಮಾರು 36 ಗ್ರಾಂ. ನಮ್ಮ ಮನೆಯಲ್ಲಿ ಇಬ್ಬರಿಗೆ ಅಷ್ಟು ಸಾಕು.

ಇನ್ನು ಬಂದೂಕು. 1861ರ ಸ್ಪ್ರಿಂಗ್‌ಫೀಲ್ಡ್ ಮಾದರಿ. ಮಲೆನಾಡಿನವರಿಗೆ ಕೇಪಿನ ಕೋವಿ ಎಂದರೆ ಸಾಕು, ಥಟ್ಟನೆ ಗೊತ್ತಾಗುತ್ತದೆ. ನಳಿಗೆಯ ಬಾಯಿಂದ ಮದ್ದು ತುಂಬಿ, ಗಜ ಎನ್ನುವ ಉದ್ದ ಕಬ್ಬಿಣದ ಕಡ್ಡಿಯಿಂದ ತಳ್ಳಿ, ಹಿಂದೆ ಕೇಪು, ಅಂದರೆ ಪೆಟ್ಟು ಬಿದ್ದರೆ ಕಿಡಿ ಕೊಡುವ ಸಣ್ಣ ಟೊಪ್ಪಿ, ಇಟ್ಟು ಹೊಡೆಯುವುದು. ಕವಾಯತಿನಲ್ಲಿ ಇದಕ್ಕೆ ಒಂಬತ್ತು ಹಂತ, ಹಂತಕ್ಕೊಂದು ಆಜ್ಞೆ. ಪಳಗಿದವನು ನಿಮಿಷಕ್ಕೆ ಮೂರು ಈಡು ಹೊಡೆಯುತ್ತಿದ್ದ. ನನಗೆ ಒಂದಕ್ಕೇ ಒಂದು ನಿಮಿಷ ಬೇಕು.

ಕೈ ಹಿಂದಕ್ಕೆ ಹಾಕಿ ಪೆಟ್ಟಿಗೆಯಿಂದ ಕಾಗದದ ತೋಟಾ ತೆಗೆಯಬೇಕು. ತುದಿಯನ್ನು ಹಲ್ಲಲ್ಲಿ ಹರಿಯಬೇಕು. ಭರ್ತಿ ಮಾಡಿಕೊಳ್ಳುವಾಗ ಹಲ್ಲು ನೋಡುತ್ತಿದ್ದುದು ಇದಕ್ಕೇ. ಹರಿದಾಗ ಒಂದಿಷ್ಟು ಮದ್ದು ನಾಲಿಗೆಗೆ ಬೀಳುತ್ತದೆ. ಉಪ್ಪುಪ್ಪು, ಸ್ವಲ್ಪ ಕಹಿ. ಹತ್ತು ಈಡಿಗೆ ತುಟಿ ಕಪ್ಪು, ಗಂಟಲು ಮರಳುಗಾಡು. ಆ ಉಪ್ಪುಪ್ಪು ರುಚಿ ಮದ್ದಿನಲ್ಲಿ ಬೆರೆಸುವ ಪೆಟ್ಲುಪ್ಪಿನದು. ಆಗ ಅದು ಹೆಚ್ಚಾಗಿ ನಮ್ಮ ಬಿಹಾರ, ಬಂಗಾಳದಿಂದಲೇ ಹೋಗುತ್ತಿತ್ತು. 1861ರ ಕೊನೆಗೆ ಅಮೆರಿಕದಲ್ಲಿ ಮದ್ದು ತಯಾರಿಸುತ್ತಿದ್ದ ಡುಪಾಂಟ್ ಕಂಪನಿಯವರು ಲಂಡನ್ನಿಗೇ ಹೋಗಿ ರಾಶಿಗಟ್ಟಲೆ ಕೊಂಡರು. ಬ್ರಿಟಿಷರು ಅದನ್ನು ಕೆಲ ಕಾಲ ಬಂದರಿನಲ್ಲೇ ತಡೆದಿದ್ದರು. ಇದೇ ಯುದ್ಧದಿಂದ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತು, ನಮ್ಮ ಧಾರವಾಡ ಸೀಮೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿದದ್ದೇ ಬೆಲೆ ಕುಸಿಯಿತು. ಎರೆಹೊಲದವನ ಮಗ ಇಲ್ಲಿ ನೀಲಿ ಕೋಟು ಹಾಕಿ ನಿಂತಿರುವುದು ಅಷ್ಟೇನೂ ಸಂಬಂಧವಿಲ್ಲದ್ದಲ್ಲ, ಅಲ್ವಾ?

ಸಂಬಂಧ ಏನು ಎಂದು ನೋಡಲು ಬಂದವರೂ ಕೇಳಿದರು. ನಿನ್ನ ಬಣ್ಣದವರು ಆಗ ಇದ್ದರಾ ಅಂತ. ಚೀನಾದಲ್ಲಿ ಹುಟ್ಟಿದ ಜೋಸೆಫ್ ಪಿಯರ್ಸ್ 14ನೇ ಕನೆಕ್ಟಿಕಟ್ ರೆಜಿಮೆಂಟಿನಲ್ಲಿ ಗೆಟಿಸ್‌ಬರ್ಗಿನಲ್ಲೇ ಹೋರಾಡಿದ್ದ ಎಂದು ಹೇಳಿದೆ. ಸುಮಾರು 1,80,000 ಕಪ್ಪು ಜನ ಯೂನಿಯನ್ ಸೈನ್ಯದಲ್ಲಿದ್ದರು. ಬಿಳಿ ಸಿಪಾಯಿಗೆ 13 ಡಾಲರ್ ಸಂಬಳ. ಅವರಿಗೆ 10, ಅದರಲ್ಲೂ 3 ಡಾಲರ್ ಬಟ್ಟೆಗೆ ಕಡಿತ. 1864ರಲ್ಲಿ ಸರಿಮಾಡುವವರೆಗೂ ಹಾಗೇ ಇತ್ತು. ಕೇಳಿದವರು ಆಮೇಲೆ ಜಾಸ್ತಿ ಮಾತಾಡಲಿಲ್ಲ.

ಭಾನುವಾರದ ಅಣಕು ಯುದ್ಧದಲ್ಲಿ ನನ್ನಿಂದ ಒಂದು ತಪ್ಪಾಯಿತು. ನಾವು ಗುಂಡು ಹಾಕುವುದಿಲ್ಲ, ಬರೀ ಮದ್ದು. ಗಜವನ್ನೂ ಹೊರಗೆ ತೆಗೆಯುವಂತಿಲ್ಲ. ಮರೆತು ನಳಿಗೆಯಲ್ಲೇ ಬಿಟ್ಟು ಹೊಡೆದರೆ ಅದು ಈಟಿಯಂತೆ ಹಾರುತ್ತದೆ. ರಾತ್ರಿ ಇಬ್ಬನಿ ಬಿದ್ದು ನನ್ನ ಬಂದೂಕು ಒದ್ದೆಯಾಗಿತ್ತು. ಸಾಲಿನಲ್ಲಿ ಎಲ್ಲರೂ ಒಟ್ಟಿಗೆ ಹೊಡೆದಾಗ ಕಿವಿ ಗುಂಯ್ ಎನ್ನುತ್ತಿತ್ತು, ಹೊಗೆಯಲ್ಲಿ ಮುಂದಿನವನ ಟೋಪಿಯೂ ಕಾಣದು. ನಾನು ಬಂದೂಕಿನ ಕುದುರೆ (ಟ್ರಿಗರ್) ಎಳೆದೆ, ಕೇಪು ಚಟ್ ಎಂದಿತು. ಈಡು ಹಾರಿತು ಎಂದೇ ತಿಳಿದೆ. ಇನ್ನೊಂದು ತೋಟಾ ಹರಿದು ಸುರಿದೆ. ಮತ್ತೆ ಚಟ್. ಮೂರನೆಯದಕ್ಕೆ ಕೈ ಹಾಕುವಷ್ಟರಲ್ಲಿ ಕಾರ್ಪೊರಲ್ ನನ್ನ ಮೊಣಕೈ ಹಿಡಿದ. ನಿನ್ನ ನಳಿಗೆಯಿಂದ ಹೊಗೆಯೇ ಬರುತ್ತಿಲ್ಲ, ಹಿಂದಕ್ಕೆ ಬಾ ಎಂದ. ಅವನು ರಿಟೈರ್ ಆದ ಪ್ಲಂಬರ್, ಬೈಯಲಿಲ್ಲ. ನಳಿಗೆಗೆ ನೀರು ಸುರಿದ. ಕಪ್ಪು ರಾಡಿ ಹೊರಬಂತು, ಎರಡು ಈಡಿನದು.

ಗೆಟಿಸ್‌ಬರ್ಗಿನಲ್ಲಿ ಯುದ್ಧ ಮುಗಿದ ಮೇಲೆ ಬಯಲಲ್ಲಿ 27,000ಕ್ಕೂ ಜಾಸ್ತಿ ಬಂದೂಕು ಆರಿಸಿದರು. ಸುಮಾರು 24,000 ತುಂಬಿದ ಹಾಗೇ ಇದ್ದವು. ಅವುಗಳಲ್ಲಿ ಅರ್ಧದಷ್ಟರಲ್ಲಿ ಎರಡೆರಡು ಈಡು. ಒಂದರಲ್ಲಿ 23 ಇದ್ದವು ಎಂದು ಆಗಿನ ವರದಿ. ಮೊದಲು ಓದಿದಾಗ ಎಂಥ ದಡ್ಡನಿರಬೇಕು ಎಂದು ನಕ್ಕಿದ್ದೆ. ನನ್ನ ಮೇಲೆ ಯಾರೂ ಗುಂಡು ಹಾರಿಸುತ್ತಿರಲಿಲ್ಲ. ಮಧ್ಯಾಹ್ನ ಐಸ್‌ಕ್ರೀಂ ಗಾಡಿ ಬರುವುದಿತ್ತು. ಆದರೂ ಎರಡು ತುಂಬಿದೆ.

ಆ ಯುದ್ಧದಲ್ಲಿ ಸತ್ತ 6 ಲಕ್ಷಕ್ಕೂ ಜಾಸ್ತಿ ಸಿಪಾಯಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸತ್ತದ್ದು ಗುಂಡಿನಿಂದಲ್ಲ, ಭೇದಿ, ಟೈಫಾಯ್ಡ್‌ನಂಥ ಕಾಯಿಲೆಗಳಿಂದ. ನಮ್ಮ ಬಿಡಾರದ ಮೂಲೆಯಲ್ಲಿ ಪ್ಲಾಸ್ಟಿಕ್ ಶೌಚಾಲಯದ ಸಾಲಿತ್ತು, ಕೈಗೆ ಸ್ಯಾನಿಟೈಸರ್ ಇತ್ತು. ಈ ಆಟದ ದೊಡ್ಡ ಸುಳ್ಳು ಅದೇ. ಆ ಸುಳ್ಳು ಹಾಗೇ ಇರಲಿ ಬಿಡಿ.

ಮನೆಗೆ ಬಂದ ಕೂಡಲೇ ಮಲಗುವ ಹಾಗಿಲ್ಲ. ಮದ್ದಿನ ಮಸಿ ಒಂದು ರಾತ್ರಿ ಬಿಟ್ಟರೂ ತುಕ್ಕು ಹಿಡಿಸುತ್ತದೆ, ಅದೂ ಎರವಲು ಬಂದೂಕು. ಕುದಿಯುವ ನೀರು ನಳಿಗೆಗೆ ಹೊಯ್ಯಬೇಕು, ಬಟ್ಟೆ ಸುತ್ತಿದ ಗಜದಿಂದ ಉಜ್ಜಬೇಕು, ನೀರು ತಿಳಿಯಾಗುವ ತನಕ. ಕೊಳೆತ ಮೊಟ್ಟೆಯ ವಾಸನೆ. "ರೀ, ಬಚ್ಚಲಿನಲ್ಲಿ ಬೇಡ, ಹಿತ್ತಲಿಗೆ ತಗೊಂಡು ಹೋಗಿ" ಎಂದಳು ಹೆಂಡತಿ. ಹಿತ್ತಲಲ್ಲಿ ಬರಿಗಾಲಲ್ಲಿ ನಿಂತು ಏಳು ಚೊಂಬು ನೀರು ಹೊಯ್ದೆ. ಕೊನೆಗೆ ಎಣ್ಣೆ ಬಟ್ಟೆ. ಬೂಟು ಇನ್ನೂ ಕಾರಿನಲ್ಲೇ ಇತ್ತು.